ದೀಪದ ದಿನ ಹುಟ್ಟದವಳು

ವಾಂಗ್‌ಗುಂಗ್
೧೯೯೮, ಹಳೆಯ ಪಂಚಾಂಗದ ಹತ್ತನೇ ತಿಂಗಳು, ಹುಣ್ಣಿಮೆಯ ಮಾರನೆಯ ದಿನ

ನನ್ನ ಮಗಳು ಬುನ್-ಲೀಗೆ,

ನೀನೂ ಮಗುವೂ ಸುಖವಾಗಿದ್ದೀರಿ ಎಂದುಕೊಂಡಿದ್ದೇನೆ. ತಿಂಗ್-ಕೋಕ್‌ಗೂ ನಿನ್ನ ಅತ್ತೆಯವರಿಗೂ ನನ್ನ ನಮಸ್ಕಾರ ತಿಳಿಸು. ನಿನ್ನ ಪತ್ರ ಬಂದು ವಾರದ ಮೇಲಾಯಿತು. ಉತ್ತರ ಬರೆಯಲಿಲ್ಲವೆಂದು ಬೇಸರ ಮಾಡಿಕೊಳ್ಳಬೇಡ. ಸಿಂಪಿ ಬಿಡಿಸುವ ಕೆಲಸ ಜೋರಾಗಿತ್ತು ಎಂದು ನೆಪ ಹೇಳಬಹುದಿತ್ತು, ಅದು ಸುಳ್ಳೂ ಅಲ್ಲ. ಈ ಸಲ ಗಾಳಿ ಬೇಗ ಶುರುವಾಗಿದೆ, ಸಿಂಪಿ ಚಿಕ್ಕವು, ಚಿಪ್ಪು ಮಾತ್ರ ಎಂದಿನಷ್ಟೇ ಹರಿತ. ನನ್ನ ಹೆಬ್ಬೆರಳಿಗೆ ಕಟ್ಟಿದ ಬಟ್ಟೆ ನೋಡಿದರೆ ನೀನು ಬೈಯುತ್ತೀಯ. ಆದರೆ ತಡವಾದದ್ದಕ್ಕೆ ಕಾರಣ ಬೆರಳಲ್ಲ. ನಿನ್ನ ಪತ್ರದಲ್ಲಿದ್ದ ಒಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು.

ಫೋನ್ ಮಾಡಬಹುದಿತ್ತು. ಮಾಡಿದರೆ ನಿನ್ನ ಅತ್ತೆ ಎತ್ತಿಕೊಂಡು, ಮನೆಯೆಲ್ಲ ಕೇಳುವ ಹಾಗೆ, 'ಬುನ್-ಲೀ, ನಿನ್ನ ಚಿಕ್ಕಮ್ಮ' ಎಂದು ಕೂಗುತ್ತಾರೆ. ಪಾಪ, ಅವರ ತಪ್ಪೇನಿದೆ, ನೀನು ಹೇಗೆ ಕರೆಯುತ್ತೀಯೋ ಅವರೂ ಹಾಗೆ ಹೇಳುತ್ತಾರೆ. ಅದನ್ನು ಕೇಳಿಸಿಕೊಂಡ ಮೇಲೆ ನಾನು ಊಟ ಆಯಿತಾ ಎಂದಷ್ಟೇ ಕೇಳಿ ಫೋನ್ ಇಟ್ಟುಬಿಡುತ್ತೇನೆ. ಅದಕ್ಕೇ ಕಾಗದ.

ನೀನು ಬರೆದಿದ್ದೀಯ: ಅತ್ತೆಯವರು ಮಗು ಹುಟ್ಟಿದ ದಿನವನ್ನು ಜೋಯಿಸರಿಂದ ನೋಡಿಸಿದ್ದಾರೆ, ಮಗುವಿನದು ಬೆಟ್ಟದ ಮಣ್ಣಿನ ದಿನ, ನಿನ್ನದು ಸಮುದ್ರದ ದಿನ, ಮಣ್ಣು ನೀರಿಗೆ ಅಡ್ಡ ಕೂರುತ್ತದೆ, ಹಾಗಾಗಿ ಮಗಳಿಂದ ತಾಯಿಗೆ ಕಂಟಕ. ತಿಂಗಳು ತುಂಬಿದ ದಿನ ತೀರಿಹೋದ ಹಿರಿಯರ ಪೀಠದ ಮುಂದೆ ಊದುಬತ್ತಿ ಹಚ್ಚಿ, ಮಗು ನಿನ್ನನ್ನು ಅಮ್ಮ ಎನ್ನದೆ ಚಿಕ್ಕಮ್ಮ ಎನ್ನುವುದೆಂದು ಹೇಳಿಬಿಡುವುದು. ಇಷ್ಟೆಲ್ಲ ಬರೆದು ಕೊನೆಗೆ ನೀನು ಸೇರಿಸಿದ್ದೀಯ: 'ಒಂದು ಮಾತು ತಾನೇ. ನಾನೂ ಹಾಗೇ ಬೆಳೆದೆನಲ್ಲ, ನಮಗೇನೂ ಆಗಲಿಲ್ಲ.'

ನಮಗೇನೂ ಆಗಲಿಲ್ಲ ಎಂದು ಬರೆದೆ. ನಿನಗೆ ಆಗಲಿಲ್ಲವೇನೋ. ನನ್ನನ್ನು ಒಂದು ಮಾತು ಕೇಳಬೇಕಿತ್ತು.

ನಿನಗೆ ಗೊತ್ತಿರುವ ಕಥೆಯನ್ನೇ ಮತ್ತೆ ಹೇಳುತ್ತೇನೆ, ಏಕೆಂದರೆ ನೀನು ಅದನ್ನು ಕೇಳಿರುವುದು ಅಜ್ಜಿಯ, ಅಂದರೆ ನನ್ನ ಅತ್ತೆಯ, ಬಾಯಿಂದ. ನೀನು ಹುಟ್ಟಿ ತಿಂಗಳಾಗುವ ಮೊದಲೇ ಕುರುಡು ಜೋಯಿಸರು ಊರಿಗೆ ಬಂದರು. ನಿನ್ನಜ್ಜಿ ಅವರನ್ನು ಅಂಗಳದಲ್ಲಿ ಕೂರಿಸಿ, ಗೆಣಸಿನ ಗಂಜಿ ಕೊಟ್ಟು, ನಿನ್ನ ದಿನ ಹೇಳಿದರು. ಅವರು ಬೆರಳ ಗೆಣ್ಣಿನ ಮೇಲೆ ಎಣಿಸಿ ಗಂಜಿಯ ಬಟ್ಟಲು ಕೆಳಗಿಟ್ಟರು.

'ಹುಟ್ಟಿದ ವರ್ಷದ ಪ್ರಾಣಿ ಯಾವ್ದು ಅನ್ನೋದು ಮಕ್ಕಳಾಟ ಕಣಮ್ಮ. ಮನುಷ್ಯ ಏನು ಅನ್ನೋದು ಹುಟ್ಟಿದ ದಿನದಲ್ಲಿದೆ, ಆ ದಿನ ಮರದ್ದೋ ಬೆಂಕಿದೋ ಮಣ್ಣಿಂದೋ ಲೋಹದ್ದೋ ನೀರಿಂದೋ ಅನ್ನೋದ್ರಲ್ಲಿದೆ. ಇದು ನೀರಿನ ಮೇಲೆ ನೀರು. ಸಮುದ್ರ. ಈ ಹುಡುಗಿ ಕೈ ಬಿಚ್ಚಿ ಕೊಡ್ತಾಳೆ, ಕೂತಲ್ಲಿ ಕೂರಲ್ಲ, ಯಾರ ಮೇಲೂ ಹಗೆ ಇಟ್ಕೊಳ್ಳಲ್ಲ, ಹತ್ತು ಕೆಲಸ ಶುರು ಮಾಡಿ ಎರಡು ಮುಗಿಸ್ತಾಳೆ. ನಗೋದು ಊರಿಗೆಲ್ಲ ಕೇಳ್ಸುತ್ತೆ, ಅಳೋದು ಯಾರಿಗೂ ಕಾಣ್ಸಲ್ಲ. ಇವಳನ್ನ ತಡೀತೀನಿ ಅಂತ ಹೋಗ್ಬೇಡಿ. ಸರಿ, ತಾಯಿ ದಿನ ಯಾವ್ದು?'

ಅಜ್ಜಿ ನನ್ನ ಗುರುತಿನ ಚೀಟಿಯಲ್ಲಿದ್ದ ದಿನ ಹೇಳಿದರು. ಜೋಯಿಸರು ಮತ್ತೆ ಬೆರಳು ಎಣಿಸಿದರು, ಈ ಸಲ ನಿಧಾನವಾಗಿ.

'ದೀಪದ ಬೆಂಕಿ. ಮೆತ್ತನೆ ಹೆಂಗಸು. ತಾನು ಉರಿದು ಮನೆಗೆ ಬೆಳಕು ಕೊಡೋಳು. ಮನಸ್ಸಲ್ಲೇ ಎಲ್ಲ ಇಟ್ಕೋತಾಳೆ, ಬೇಡ ಅನ್ನೋಕೆ ಬರಲ್ಲ. ಆದ್ರೆ ಅಮ್ಮ, ಸಮುದ್ರ ಬಂದು ದೀಪಕ್ಕೆ ಅಮ್ಮಾ ಅಂದ್ರೆ ದೀಪ ಎಷ್ಟು ದಿನ ಇರುತ್ತೆ? ಮಗು ಶಾಲೆ ಸೇರೋ ಹೊತ್ತಿಗೆ ತಾಯಿ ಇರಲ್ಲ. ದೈವದ ಕಣ್ಣು ತಪ್ಪಿಸ್ಬೇಕು ಅಂದ್ರೆ ಇವಳು ತಾಯಲ್ಲ, ಚಿಕ್ಕಮ್ಮ ಅಂತ ಮಾಡ್ಬಿಡಿ.'

ನನಗೆ ಸಾಯುವ ಭಯವಿರಲಿಲ್ಲ. ನಿನ್ನನ್ನು ಬಿಟ್ಟು ಹೋಗುವ ಭಯವಿತ್ತು. ನಾನು ಸತ್ತರೆ ನಿನ್ನಪ್ಪ ಇನ್ನೊಬ್ಬಳನ್ನು ತರುತ್ತಾರೆ, ಅವಳು ನಿನ್ನ ಜಡೆ ಎಳೆದು ಎಳೆದು ಹೆಣೆಯುತ್ತಾಳೆ ಎಂದು ಅಲ್ಲೇ ಕೂತು ಕಲ್ಪಿಸಿಕೊಂಡೆ. ಆಗಲಿ ಎಂದೆ. ಬೇಡ ಅನ್ನೋಕೆ ಬರಲ್ಲ ಎಂದು ಅವರು ಆಗಷ್ಟೇ ಹೇಳಿದ್ದರಲ್ಲ.

ನಿನ್ನ ವಿಷಯದಲ್ಲಿ ಜೋಯಿಸರು ಹೇಳಿದ್ದು ಒಂದೂ ತಪ್ಪಲಿಲ್ಲ. ಶಾಲೆಗೆ ಕಟ್ಟಿಕೊಟ್ಟ ಮೊಟ್ಟೆಯನ್ನು ಪಕ್ಕದವಳಿಗೆ ಕೊಟ್ಟು ಬರೀ ಅನ್ನ ತಿಂದು ಬರುತ್ತಿದ್ದೆ. ಹೊಲಿಗೆ ಕಲಿಯುತ್ತೇನೆಂದು ಹೋಗಿ ತೋಳಿಲ್ಲದ ಅಂಗಿಯೊಂದನ್ನು ಬಿಟ್ಟು ಬಂದೆ. ಕಾರ್ಖಾನೆ ಕೆಲಸ ಹಿಡಿದು, ಬಿಟ್ಟು, ಯಾರಿಗೂ ಹೇಳದೆ ಬಸ್ಸು ಹತ್ತಿ ಬಂದರು ಪಟ್ಟಣ ಕಾವೋಶುಂಗ್ ಸೇರಿದೆ. ಮದುವೆ ಬೇಡ ಬೇಡ ಎಂದು ಓಡಾಡಿ, ಊರವರೆಲ್ಲ ನಿನ್ನ ಆಸೆ ಬಿಟ್ಟ ಮೇಲೆ, ಹಡಗು ರಿಪೇರಿಯವನನ್ನು ಕರೆತಂದು ನನ್ನ ಮುಂದೆ ನಿಲ್ಲಿಸಿ ನಕ್ಕೆ. ನಿನ್ನ ಒಂದೊಂದು ಕಿತಾಪತಿಗೂ ಅಜ್ಜಿ, 'ಸಮುದ್ರ ಕಣೇ, ಸಮುದ್ರ' ಎಂದು ತಲೆ ಆಡಿಸುತ್ತಿದ್ದರು. ನನಗೂ ಒಳಗೊಳಗೇ ಹೆಮ್ಮೆ.

ನಿನ್ನ ವಿಷಯದಲ್ಲಿ ಅಷ್ಟೆಲ್ಲ ಸರಿಹೋದ ಮೇಲೆ ನನ್ನ ವಿಷಯದಲ್ಲಿ ಹೇಳಿದ್ದೂ ಸರಿ ಇರಲೇಬೇಕಲ್ಲ. ಹಾಗಾಗಿ ನಾನು ದೀಪವಾಗಿ ಬದುಕಿದೆ. ಸಿಟ್ಟು ಬಂದಾಗಲೆಲ್ಲ, ನಿನ್ನದು ದೀಪದ ಸ್ವಭಾವ, ನಿನಗೆ ಸಿಟ್ಟು ಬರುವುದಿಲ್ಲ ಎಂದು ನನಗೇ ಹೇಳಿಕೊಂಡೆ. ಯಾರು ಏನು ಹೇಳಿದರೂ ಹೂಂಗುಟ್ಟಿದೆ. ರಾತ್ರಿ ಹಲ್ಲು ಕಡಿಯುತ್ತೀಯ ಎಂದು ನಿನ್ನಪ್ಪ ಹೇಳುತ್ತಿದ್ದರು. ಅದೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ಚಿಕ್ಕವಳಿದ್ದಾಗ ನೀನು ಅಜ್ಜಿಯನ್ನು ಕೇಳಿದ್ದೆ, 'ಬೇರೆ ಮಕ್ಕಳೆಲ್ಲ ಅಮ್ಮ ಅಂತಾರೆ, ನಾನ್ಯಾಕೆ ಚಿಕ್ಕಮ್ಮ ಅನ್ಬೇಕು?' ಅಜ್ಜಿ ಹೇಳಿದರು, 'ನೀನು ಹಾಗಂತ ಬಾಯಿಬಿಟ್ರೆ ಅವಳು ಆರಿಹೋಗ್ತಾಳೆ.' ಆಮೇಲೆ ಎಷ್ಟೋ ದಿನ ನೀನು ನನ್ನ ಪಕ್ಕ ಮಲಗುವಾಗ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಿದ್ದೆ ಮಾಡುತ್ತಿದ್ದೆ. ನಿನ್ನ ಉಸಿರು ತಾಕಿ ನಾನು ಆರಿಹೋಗಬಾರದೆಂದು. ಆ ಪುಟ್ಟ ಕೈಯನ್ನು ತೆಗೆದರೆ ಮತ್ತೆ ಹೋಗಿ ಬಾಯಿಯ ಮೇಲೇ ಕೂರುತ್ತಿತ್ತು.

ಊರಿಗೆ ಹೊಸದಾಗಿ ಬಂದವರೆಲ್ಲ ನನ್ನನ್ನು ಮಲತಾಯಿ ಎಂದುಕೊಂಡರು. ನೀನು ಬಿದ್ದು ಮೊಣಕೈ ತರಚಿಕೊಂಡರೆ ಅವರು ನನ್ನ ಮುಖ ನೋಡುತ್ತಿದ್ದರು. ಸಿಂಪಿ ರಾಶಿಯ ಸುತ್ತ ಕೂತು ಕೆಲಸ ಮಾಡುವಾಗ ಒಬ್ಬಳು, 'ಹೆತ್ತವಳಲ್ಲ ಅಂದ್ರೂ ಚೆನ್ನಾಗೇ ನೋಡ್ಕೊತೀಯ ಬಿಡು' ಎಂದು ನನ್ನನ್ನು ಹೊಗಳಿದಳು. ಅವತ್ತು ಕತ್ತಿ ಜಾರಿ ಅಂಗೈಗೆ ಇಳಿಯಿತು.

ಇನ್ನೊಂದು ಹೇಳುತ್ತೇನೆ, ಇದನ್ನು ಯಾರಿಗೂ ಹೇಳಿಲ್ಲ. ನಿನ್ನಪ್ಪ ಹೋದಾಗ ನೀನು ಕಾವೋಶುಂಗ್‌ನಿಂದ ಬಂದೆ. ಪದ್ಧತಿಯಂತೆ ಬೀದಿಯ ತುದಿಯಿಂದಲೇ ಮಂಡಿಯೂರಿ ತೆವಳುತ್ತಾ, 'ಅಪ್ಪಾ, ಅಪ್ಪಾ' ಎಂದು ಅಳುತ್ತಾ ಬಂದೆ. ಗಂಟಲು ಹರಿದುಹೋಗುವ ಹಾಗೆ ಕೂಗಿದೆ. ಬಾಗಿಲಲ್ಲಿ ನಿಂತಿದ್ದ ನಾನು ಗಂಡನಿಗಾಗಿ ಅಳಬೇಕಾದ ಹೊತ್ತಿನಲ್ಲಿ, ಪೆಟ್ಟಿಗೆಯೊಳಗೆ ಮಲಗಿದ್ದವರ ಮೇಲೆ ಹೊಟ್ಟೆಕಿಚ್ಚು ಪಟ್ಟೆ. ನಾನು ಹೋದ ದಿನವೂ ನೀನು ಹೀಗೇ ತೆವಳಿ ಬರುತ್ತೀಯ, ಆಗ ಏನೆಂದು ಕೂಗುತ್ತೀಯ ಎಂದು ಯೋಚಿಸಿದೆ. ಏನೆಂದು ಕೂಗಿದರೂ ನನಗೆ ಕೇಳಿಸುವುದಿಲ್ಲ.

ಇಷ್ಟು ಹಳೆಯ ಕಥೆ. ಇನ್ನು ಹೊಸದು.

ನಿನ್ನ ಪತ್ರ ಓದಿದ ಮೇಲೆ ನನಗೆ ಕೆಲಸ ಕೈಗೆ ಹತ್ತಲಿಲ್ಲ. ಬಸ್ಸು ಹಿಡಿದು ಲೂಕಾಂಗ್‌ಗೆ ನಿನ್ನ ದೊಡ್ಡಮ್ಮನ ಮನೆಗೆ ಹೋದೆ. ನಮ್ಮ ಬಾಂಗ್-ಯೋ ಅಕ್ಕನ ಕಾಲು ಬಿದ್ದುಹೋಗಿದೆ, ನಾಲಿಗೆ ಮಾತ್ರ ಮೊದಲಿಗಿಂತ ಚುರುಕು. ಬಾಗಿಲಲ್ಲಿ ನನ್ನನ್ನು ಕಂಡವಳೇ, 'ಏನೇ ಬಾಂಗ್-ಚೀ, ಸತ್ತೋರ ಮನೆಗೆ ಬಂದೋಳ ಹಾಗೆ ಬರಿಗೈಲಿ ಬಂದಿದೀಯ, ಸಿಂಪಿ ಎಲ್ಲಿ?' ಎಂದಳು. ಬಾದಾಮಿ ಹಿಟ್ಟಿನ ಗಂಜಿ ಕೊಟ್ಟಳು. ನಾನು ನಿನ್ನ ಪತ್ರದ ವಿಷಯ ಹೇಳಿದೆ. ಹೇಳುತ್ತಾ ಅತ್ತುಬಿಟ್ಟೆ.

'ನನ್ನದು ದೀಪದ ದಿನ ಆಗದೇ ಇದ್ದಿದ್ರೆ ಇಷ್ಟೆಲ್ಲ ಆಗ್ತಿರ್ಲಿಲ್ಲ ಅಕ್ಕ' ಎಂದೆ.

ಅಕ್ಕ ನನ್ನನ್ನು ವಿಚಿತ್ರವಾಗಿ ನೋಡಿದಳು. 'ದೀಪನಾ? ನೀನಾ? ಬಾತುಕೋಳಿ ಕಚ್ಚಿತು ಅಂತ ಅದನ್ನ ಗದ್ದೆ ತುಂಬ ಅಟ್ಟಿಸ್ಕೊಂಡು ಹೋಗಿ ವಾಪಸ್ ಕಚ್ಚಿದೋಳು ನೀನು. ಯಾವ ಬೊಡ್ಡೀಮಗ ಹೇಳಿದ್ದು ದೀಪ ಅಂತ?'

ಎರಡನೇ ತಿಂಗಳಲ್ಲಿ ಬರುವ, ಚೀಟಿಯಲ್ಲಿರುವ ನನ್ನ ಹುಟ್ಟಿದ ದಿನ ಹೇಳಿದೆ.

'ಅದು ನೀನು ಹುಟ್ಟಿದ ದಿನ ಅಲ್ಲ ಕಣೇ, ಅಪ್ಪ ಹಂದಿಮರಿ ತಂದ ದಿನ' ಎಂದಳು ಅಕ್ಕ. 'ನೀನು ಹುಟ್ಟಿದ್ದು ಚಳಿಗಾಲದಲ್ಲಿ. ಅಕ್ಕಿ ಉಂಡೆ ಮಾಡೋ ಹಬ್ಬದ ಮಾರನೇ ದಿನ. ಹಿಂದಿನ ದಿನ ಬಾಗಿಲಿಗೆ ಅಂಟಿಸಿದ್ದ ಉಂಡೆ ಒಣಗಿರ್ಲಿಲ್ಲ, ಅದನ್ನ ಕಿತ್ತು ತಿಂತಾ ನಿಂತಿದ್ದೆ, ಒಳಗೆ ನೀನು ಅಳೋದು ಕೇಳಿಸ್ತು. ಮತ್ತೂ ಹೆಣ್ಣು ಅಂತ ಅಪ್ಪ ಕಚೇರಿ ಕಡೆಗೇ ಹೋಗ್ಲಿಲ್ಲ. ಎಷ್ಟೋ ವಾರ ಆದ್ಮೇಲೆ ಪೇಟೆಗೆ ಹಂದಿಮರಿ ತರೋಕೆ ಹೋದಾಗ ಗುಮಾಸ್ತ ಎದುರಿಗೆ ಸಿಕ್ಕಿದಾನೆ. ಆಗ ನೆನಪಾಗಿದೆ ಮನೇಲೊಂದು ಹುಟ್ಟಿದೆ ಅಂತ. ತಡ ಆದ್ರೆ ದಂಡ. ಇವತ್ತೇ ಹುಟ್ಟಿತು ಅಂತ ಬರ್ಕೊಳ್ಳಿ ಅಂದ್ರಂತೆ. ಮನೆಗೆ ಬಂದು ಅವರೇ ನಗ್ತಾ ಹೇಳಿದ್ರು.'

'ನೀನ್ಯಾಕೆ ಇಷ್ಟು ವರ್ಷ ಹೇಳ್ಲಿಲ್ಲ?'

'ಯಾರು ಕೇಳಿದ್ರು? ನನ್ನ ದಿನವೂ ಹಾಗೇ ಇರ್ಬೇಕು. ನಮ್ಮ ಹೆಸರಲ್ಲಿರೋ ಬಾಂಗ್ ನೋಡು, ಹುಟ್ಟಿದೆ, ಹೇಗೋ ಸಾಕೋಣ ಅಂತ ಇಟ್ಟಿದ್ದು. ಅಂಥೋರ ದಿನ ಯಾರು ಗುರುತು ಹಾಕ್ಕೋತಾರೆ?'

ಬುನ್-ಲೀ, ನಿನ್ನ ದಿನವನ್ನು ಅಜ್ಜಿ ಗಳಿಗೆ ತಪ್ಪದ ಹಾಗೆ ಗುರುತಿಟ್ಟಿದ್ದರು. ತಪ್ಪಿದ್ದು ನನ್ನದು. ನಮ್ಮಪ್ಪ ದಂಡಕ್ಕೆ ಹೆದರಿ ಬಾಯಿಗೆ ಬಂದದ್ದನ್ನು ಹೇಳಿದರು, ಅದನ್ನೇ ನನ್ನ ಸ್ವಭಾವವೆಂದು ಜೋಯಿಸರು ಓದಿದರು, ಅದನ್ನೇ ನಾನು ಬದುಕಿದೆ.

ಅಕ್ಕನ ಮೊಮ್ಮಗಳು ಅಕ್ಕನನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ನಮ್ಮಿಬ್ಬರನ್ನೂ ಗುಡಿಯ ಮುಂದೆ ದಿನ ನೋಡುವವರ ಹತ್ತಿರ ಕರೆದುಕೊಂಡು ಹೋದಳು. ನಾನು ನಿಜವಾದ ದಿನ ಹೇಳಿದೆ. ಅವರು ಹಳೆಯ ಪಂಚಾಂಗ ತೆಗೆದು ನೋಡಿ, 'ಕೊಡಲಿಯ ಲೋಹ' ಎಂದರು. 'ಬಾಗೋ ಹೆಂಗಸಲ್ಲ. ಇದ್ದದ್ದು ಇದ್ದ ಹಾಗೆ ಹೇಳ್ತೀರಿ, ಸಿಟ್ಟು ಮೂಗಿನ ಮೇಲೆ, ಆದ್ರೆ ನಂಬಿದೋರನ್ನ ಬಿಡಲ್ಲ.'

ಅಕ್ಕ ನನ್ನ ಪಕ್ಕೆ ತಿವಿದು, 'ಬಾತುಕೋಳಿ' ಎಂದಳು.

'ಮಗಳು ಸಮುದ್ರದ ದಿನದವಳು. ನಮ್ಮಿಬ್ಬರಿಗೆ ಹೇಗೆ?' ಎಂದು ಕೇಳಿದೆ.

ಅವರು ನಕ್ಕರು. 'ಇದನ್ನ ಕೇಳ್ಬೇಕಾ? ನೀರಿಗೆ ತಾಯಿ ಯಾರು? ಲೋಹ. ಬೆಳಗಿನ ಜಾವ ಹೊರಗಿಟ್ಟ ಕೊಡಲಿ ಮೇಲೆ ನೀರು ಹನಿ ಕಟ್ಟಲ್ವಾ? ಎಲ್ಲಿಂದ ಬಂತು ಅದು? ಐದು ತತ್ವದ ಲೆಕ್ಕದಲ್ಲಿ ನೀವು ಅವಳ ತಾಯಿನೇ. ಇಂಥ ಮಗಳಿಗೆ ಇಂಥ ತಾಯಿ ಸಿಗೋದು ಅಪರೂಪ. ಅವಳು ಎಷ್ಟು ಸಲ ಅಮ್ಮ ಅಂತಾಳೋ ಇಬ್ಬರಿಗೂ ಅಷ್ಟು ಒಳ್ಳೇದು.'

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಗುಡಿಯ ಮೆಟ್ಟಿಲ ಮೇಲೆ ಕೂತು ಸತ್ತುಹೋದವರನ್ನೆಲ್ಲ ಬೈದೆ. ನಮ್ಮಪ್ಪನನ್ನು, ನಿನ್ನಜ್ಜಿಯನ್ನು, ಕುರುಡು ಜೋಯಿಸರನ್ನು, ಆ ಹಂದಿಮರಿಯನ್ನು. ಊದುಬತ್ತಿ ಮಾರುವವಳು ತನ್ನ ಸ್ಟೂಲನ್ನು ಆಚೆ ಎಳೆದುಕೊಂಡಳು.

ಈ ದಿನ ನೋಡುವುದೆಲ್ಲ ನಿಜವೋ ಸುಳ್ಳೋ ನನಗೆ ತಿಳಿಯದು. ನಿಜವಾದರೆ, ನೀನು ದಿನವೂ ನನ್ನನ್ನು ಅಮ್ಮ ಎನ್ನಬೇಕಿತ್ತು. ಸುಳ್ಳಾದರೆ, ಅಮ್ಮ ಎಂದಿದ್ದರೆ ಏನೂ ಆಗುತ್ತಿರಲಿಲ್ಲ. ಹೇಗೆ ನೋಡಿದರೂ ಕಳೆದುಹೋದದ್ದು ನನ್ನದೇ. ನನಗೆ ಹುಟ್ಟಿದ್ದು ನೀನೊಬ್ಬಳೇ. ಈ ಲೋಕದಲ್ಲಿ ನನ್ನನ್ನು ಅಮ್ಮ ಎಂದು ಕರೆದವರು ಯಾರೂ ಇಲ್ಲ. ಸಂತೆಯಲ್ಲಿ ಯಾವುದೋ ಮಗು ಅಮ್ಮಾ ಎಂದು ಕೂಗಿದರೆ ಅಲ್ಲಿರುವ ಹೆಂಗಸರೆಲ್ಲ ಒಮ್ಮೆ ತಿರುಗಿ ನೋಡುತ್ತಾರೆ. ನಾನು ಸೊಪ್ಪು ಆರಿಸುತ್ತಲೇ ಇರುತ್ತೇನೆ.

ಈಗ ನಿನ್ನ ಮಗುವಿನ ಮಾತು. ಅತ್ತೆಯವರ ಮೇಲೆ ರೇಗಬೇಡ. ನೀನು ಬೇಗ ಸಾಯಬಾರದೆಂದೇ ಅವರು ಹೀಗೆ ಹೇಳುತ್ತಿರುವುದು, ನಿನ್ನಜ್ಜಿಯೂ ಅದಕ್ಕೇ ಹೇಳಿದ್ದು. ಮೆಲ್ಲಗೆ ಹೇಳು, ಕೇಳದಿದ್ದರೆ ನನ್ನ ಹೆಸರು ಹೇಳು, ನಾನು ಬಂದು ಮಾತನಾಡುತ್ತೇನೆ. ಇನ್ನು ಮೇಲೆ ನಾನು ಹೂಂಗುಟ್ಟುವವಳಲ್ಲ. ಬೆಟ್ಟದ ದಿನ ಹುಟ್ಟಿದ ಮಕ್ಕಳ ಗುಣ ನಾನೂ ಕೇಳಿ ತಿಳಿದುಕೊಂಡು ಬಂದಿದ್ದೇನೆ. ಮಾತು ತಡ, ಹೆಜ್ಜೆ ನಿಧಾನ, ವಿಪರೀತ ಹಟ, ಆದರೆ ಕೊಟ್ಟ ಮಾತು ಮುರಿಯುವುದಿಲ್ಲ, ಒಮ್ಮೆ ಕಲಿತದ್ದನ್ನು ಬಿಡುವುದಿಲ್ಲ. ಅದೇ ನನಗೆ ಹೆದರಿಕೆ. ನೀನಾದರೋ ಸಮುದ್ರ, ಇವತ್ತು ಹೀಗಿದ್ದರೆ ನಾಳೆ ಬೇರೆ. ಆ ಮಗುವಿಗೆ ನೀನು ಚಿಕ್ಕಮ್ಮ ಎಂದು ಕಲಿಸಿದರೆ, ಆಮೇಲೆ ಬೇಡವೆಂದು ಕಾಲಿಗೆ ಬಿದ್ದರೂ ಅದು ಆ ಮಾತು ಬಿಡುವುದಿಲ್ಲ. ಕಂಟಕ ಇದ್ದರೆ ಇರಲಿ. ಅಮ್ಮ ಅನ್ನಿಸಿಕೊಂಡು ಎಷ್ಟು ವರ್ಷ ಸಿಗುತ್ತದೋ ಅಷ್ಟು ಬದುಕು.

ತಿಂಗಳ ಶಾಸ್ತ್ರಕ್ಕೆ ಅಂಟಕ್ಕಿ ಅನ್ನಕ್ಕೆ ಹಾಕಲು ಒಣಗಿಸಿದ ಸಿಂಪಿ ಕಳಿಸುತ್ತಿದ್ದೇನೆ. ಮಗುವಿಗೆ ಕೆಂಪು ಟೋಪಿ ಹೆಣೆದಿದ್ದೇನೆ, ಫೋಟೋದಲ್ಲಿ ತಲೆ ದೊಡ್ಡದಾಗಿ ಕಂಡಿತು, ಅದಕ್ಕೆ ಎರಡು ಸುತ್ತು ಹೆಚ್ಚು ಹಾಕಿದ್ದೇನೆ. ಬಾಣಂತಿ ತಣ್ಣೀರು ಮುಟ್ಟಬೇಡ, ಫ್ಯಾನಿನ ಕೆಳಗೆ ಕೂರಬೇಡ, ನೀನು ಹೇಳಿದ ಮಾತು ಕೇಳುವವಳಲ್ಲ ಎಂದು ಗೊತ್ತಿದ್ದೂ ಹೇಳುತ್ತಿದ್ದೇನೆ. ಸಮುದ್ರದ ದೇವಿ ನಿನ್ನನ್ನೂ ತಿಂಗ್-ಕೋಕ್‌ನನ್ನೂ ಮಗುವನ್ನೂ ಕಾಪಾಡಲಿ. ಮಗು ಬೆಟ್ಟದ ಹಾಗೆ ನಿಲ್ಲಲಿ, ನಿನ್ನ ನಗು ಓಣಿಯ ಕೊನೆಯ ಮನೆಗೂ ಕೇಳಲಿ.

ಇಂತಿ,
ನಿನ್ನನ್ನು ಹೆತ್ತ
ಬಾಂಗ್-ಚೀ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದೆ. ಒಂದು ವಿಷಯ ಬರೆಯಬಾರದೆಂದಿದ್ದೆ.

ನೀನು ಹೆತ್ತ ಮಾರನೆಯ ದಿನ ನಾನು ಆಸ್ಪತ್ರೆಗೆ ಬಂದಿದ್ದೆ. ಶುಂಠಿ, ಎಳ್ಳೆಣ್ಣೆ ಹಾಕಿ ಕೋಳಿ ಬೇಯಿಸಿ, ಪಾತ್ರೆಗೆ ಟವೆಲ್ ಸುತ್ತಿ, ಮೊದಲ ಬಸ್ಸಿಗೇ ಹೊರಟಿದ್ದೆ. ನಿನ್ನ ಅತ್ತೆ ಅಡುಗೆಗೆಂದು ಮನೆಗೆ ಹೋಗಿದ್ದರಂತೆ, ತಿಂಗ್-ಕೋಕ್ ಔಷಧಿ ತರಲು ಹೋಗಿದ್ದ. ಹೊಟ್ಟೆ ಕೊಯ್ದು ತೆಗೆದದ್ದರಿಂದ ಇವತ್ತು ಗಂಡ ಅಥವಾ ತಾಯಿಗೆ ಮಾತ್ರ ಒಳಗೆ ಬಿಡುವುದು ಎಂದಳು ನರ್ಸು. 'ನೀವು ಯಾರಾಗ್ಬೇಕು?' ಎಂದು ಕೇಳಿದಳು. ನಾನು ಬಾಯಿ ತೆರೆದೆ. ತಾಯಿ ಎಂಬ ಮಾತು ನಾಲಿಗೆಗೆ ರೂಢಿಯೇ ಇರಲಿಲ್ಲ, ಹೊರಡಲಿಲ್ಲ. ಅವಳು ಕಾದು ನೋಡಿ ನಿನ್ನ ಹತ್ತಿರ ಹೋದಳು. ಬಾಗಿಲು ಅರ್ಧ ತೆರೆದಿತ್ತು.

'ಹೊರಗೊಬ್ಬರು ಹೆಂಗಸು ಬಂದಿದಾರೆ, ನಿಮ್ಮ ತಾಯಿನಾ?'

ನೀನು ಔಷಧಿಯ ಅಮಲಿನಲ್ಲಿ ಕಣ್ಣು ಅರ್ಧ ಬಿಟ್ಟು ನನ್ನ ಕಡೆ ನೋಡಿದೆ. 'ಅಲ್ಲ' ಎಂದೆ. 'ಚಿಕ್ಕಮ್ಮ.'

ನರ್ಸು ಒಳ್ಳೆಯ ಹುಡುಗಿ, ನಾಳೆ ಮಧ್ಯಾಹ್ನದ ಮೇಲೆ ಬನ್ನಿ ಎಂದು ಹೇಳಿ ಬಾಗಿಲು ಹಾಕಿದಳು. ನಾನು ಪಾತ್ರೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಊರಿಗೆ ವಾಪಸ್ ಬಂದೆ. ನಿನಗೆ ಇದು ನೆನಪಿರಲಾರದು, ನೆನಪಿದ್ದರೂ ನಿನ್ನ ತಪ್ಪಲ್ಲ, ನಾವು ಕಲಿಸಿದ್ದನ್ನೇ ನೀನು ಹೇಳಿದೆ. ಆದರೆ ನಿನ್ನ ಮಗಳಿಗೆ ಕಲಿಸಬೇಡ. ಮುಂದೊಂದು ದಿನ ಅವಳು ಹೆತ್ತು ಮಲಗಿದಾಗ, ಬಾಗಿಲ ಹೊರಗೆ ಬಿಸಿ ಪಾತ್ರೆ ಹಿಡಿದು ನಿಂತು ಆ 'ಅಲ್ಲ' ಕೇಳಿಸಿಕೊಳ್ಳುವವಳು ನೀನಾಗಬೇಡ.